ಡಿ ಡ್ರೈವ್‌ನಲ್ಲಿದ್ದ ಮಾತು

ಆಗಸ್ಟ್ 17, 2003, ಭಾನುವಾರ
ಶಿವಮೊಗ್ಗ

ಕೊನೆಗೂ ಸಿ.ಡಿ. ಸಿಕ್ಕಿತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಉಚಿತವಾಗಿ ಬಂದದ್ದು, ಒಟ್ಟು ಮೂರು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವನು ನನಗಾಗಿ ಒಂದು ಪ್ರತಿ ಎತ್ತಿಟ್ಟಿದ್ದ. ಲಿನಕ್ಸ್! ವಿಂಡೋಸ್ ತೆಗೆದು ಇದನ್ನು ಹಾಕಿಕೊಂಡರೆ ಯಾರ ಹಂಗೂ ಇಲ್ಲ, ಕದ್ದ ಮಾಲೂ ಅಲ್ಲ.

ಕದ್ದ ಮಾಲು ಎಂದು ಬರೆಯುವಾಗ ಕೈ ಹಿಂಜರಿಯಿತು. ಆದರೂ ನಿಜ. ಹೋದ ವರ್ಷ ಈ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ ಮಧು. ನೆಹರೂ ರಸ್ತೆಯ ಹತ್ತಿರ ಅಂಗಡಿ ಇಟ್ಟಿದ್ದಾನೆ. ಅವನು ಹಾಕಿಕೊಟ್ಟ ವಿಂಡೋಸ್ ನಕಲು. "ಶಿವಮೊಗ್ಗದಲ್ಲಿ ಎಲ್ರೂ ಹಿಂಗೇ ಹಾಕ್ಸ್ಕೊಳ್ಳೋದು ಸಾರ್" ಎಂದಿದ್ದ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು, ಕಾಪಿ ಹೊಡೆದವರನ್ನು ಹಾಲ್‌ನಿಂದ ಎಬ್ಬಿಸಿ ಕಳಿಸುವ ನಾನು, ಮನೆಗೆ ಬಂದು ಕದ್ದದ್ದರ ಮುಂದೆ ಕೂರುತ್ತೇನೆ. ಸಾಕು. ಇನ್ನು ಈ ಮನೆಯಲ್ಲಿ ಸುಳ್ಳಿಗೆ ಜಾಗವಿಲ್ಲ.

ಆದರೆ ಕಂಪ್ಯೂಟರ್ ಕೈಗೆ ಸಿಗಬೇಕಲ್ಲ! ವಾರವಿಡೀ ಕಾಲೇಜು; ಭಾನುವಾರ ಬಂತೆಂದರೆ ಅದು ಮಾವನವರ ಪಾಲು. ಹೆಂಡತಿ ದಾಕ್ಷಾಯಣಿಯ ಅಪ್ಪ ಷಡಕ್ಷರಪ್ಪನವರು ಭದ್ರಾವತಿಯ ನ್ಯೂಟೌನಿನಿಂದ ಬಸ್ಸು ಹತ್ತಿ ಹತ್ತು ಗಂಟೆಗೆ ಸರಿಯಾಗಿ ಹಾಜರಾಗುತ್ತಾರೆ. ಎಪ್ಪತ್ತನಾಲ್ಕು ವರ್ಷ, ಕಣ್ಣು ಮಂಜು, ಕೈ ನಡುಕ. ಒಂದು ಕಾಲಕ್ಕೆ ಖಾಸಗಿ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು; ಅದು ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಈಗ ಮಗಳಿಗೆ ಏನನ್ನೋ ಹೇಳಿ ಬರೆಸುತ್ತಿದ್ದಾರೆ. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿಕೊಂಡು ಅವರು ಹೇಳುತ್ತಾರೆ, ಇವಳು ಕನ್ನಡದಲ್ಲಿ ಟೈಪ್ ಮಾಡುತ್ತಾಳೆ. ಆತ್ಮಕಥೆ ಇರಬೇಕು. ಈಗ ನಿವೃತ್ತರಾದವರೆಲ್ಲ ಆತ್ಮಕಥೆ ಬರೆಯುವವರೇ.

ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ ಎಂದಿದ್ದಳು ಅವಳು. ಕಂಪ್ಯೂಟರಿನಲ್ಲೇ ಬರೆ ಎಂದು ಒತ್ತಾಯ ಮಾಡಿದವನು ನಾನು. "ಕಾಗದ ಗೆದ್ದಲು ತಿನ್ನುತ್ತೆ ಮಾರಾಯ್ತಿ. ಇದ್ರಲ್ಲಿ ಹಾಕಿಟ್ರೆ ಯಾವ ಕಾಲಕ್ಕೂ ಅಳಿಸೋಲ್ಲ" ಎಂದಿದ್ದೆ. ಈಗ ಅನುಭವಿಸುತ್ತಿದ್ದೇನೆ. ಅವರು ಒಳಗೆ, ನಾನು ಹಾಲಿನಲ್ಲಿ ಪತ್ರಿಕೆ ಹಿಡಿದುಕೊಂಡು.


ಸೆಪ್ಟೆಂಬರ್ 14, ಭಾನುವಾರ

ಮಾವನವರು ಇವತ್ತು ಅತ್ತರು. ಬಾಗಿಲ ಸಂದಿಯಿಂದ ಕೇಳಿಸಿತು. ಮೊದಲು ಕೆಮ್ಮು ಎಂದುಕೊಂಡೆ. ಆಮೇಲೆ ದಾಕ್ಷಾಯಣಿ "ಸಾಕು ಅಪ್ಪಾಜಿ, ಇವತ್ತಿಗೆ ಸಾಕು" ಎಂದದ್ದು ಕೇಳಿ ಗೊತ್ತಾಯಿತು. ಎದ್ದು ಹೋಗಿ ವಿಚಾರಿಸಬೇಕೆನ್ನಿಸಿತು. ಆದರೆ ನಾನಾಗ ಪಾರ್ಟಿಷನ್ ಅಧ್ಯಾಯದಲ್ಲಿದ್ದೆ, ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ ಓದಬೇಕು.

ಪಾರ್ಟಿಷನ್ ಎಂದರೆ ಅಣ್ಣತಮ್ಮಂದಿರು ಒಂದೇ ಮನೆಗೆ ಅಡ್ಡಗೋಡೆ ಹಾಕಿಕೊಂಡ ಹಾಗೆ. ಡಿಸ್ಕ್ ಒಂದೇ, ಒಂದು ಭಾಗ ಸಿ, ಇನ್ನೊಂದು ಡಿ. ನಮ್ಮದರಲ್ಲಿ ಸಿ ಭಾಗದಲ್ಲಿ ವಿಂಡೋಸ್ ಇದೆ, ನಮ್ಮ ಬರಹಗಳೆಲ್ಲ ಡಿಯಲ್ಲಿವೆ. ಸಿ ಅಳಿಸಿ ಅಲ್ಲಿ ಲಿನಕ್ಸ್ ಕೂರಿಸುವುದು, ಡಿ ಮುಟ್ಟದಿರುವುದು. ಇಷ್ಟೇ. ಇದಕ್ಕೆ ಮಧು ಯಾಕೆ ಬೇಕು?

ಊಟಕ್ಕೆ ಕೂತಾಗ, "ಇನ್ನೆಷ್ಟು ವಾರ ಆಗುತ್ತೆ ಮಾವ?" ಎಂದು ಕೇಳಿದೆ.

"ಇನ್ನೆರಡು ವಾರ ಅಳಿಯಂದ್ರೇ. ಮಾರಪ್ಪನ ವಿಷಯ ಒಂದು ಹೇಳಿ ಮುಗಿಸಿಬಿಟ್ರೆ ಆಯ್ತು."

ಮಾರಪ್ಪ ಯಾರೆಂದು ನಾನು ಕೇಳಲಿಲ್ಲ. "ಬೇಗ ಮುಗಿಸಿ. ಕಂಪ್ಯೂಟರಿಗೆ ಪುನರ್ಜನ್ಮ ಕೊಡೋದಿದೆ" ಎಂದು ನಕ್ಕೆ. ಅವರೂ ಮರ್ಯಾದೆಗೆ ನಕ್ಕರು. ದಾಕ್ಷಾಯಣಿ ನಗಲಿಲ್ಲ. ಇತ್ತೀಚೆಗೆ ಇವಳಿಗೆ ತಮಾಷೆಯೇ ಹಿಡಿಸುವುದಿಲ್ಲ.


ಸೆಪ್ಟೆಂಬರ್ 28, ಭಾನುವಾರ

ಮುಗಿಯಿತಂತೆ! ನಲವತ್ತೊಂದು ಪುಟ. ಮಾವನವರು ಹೊರಗೆ ಬಂದಾಗ ಬೇಸಾಯ ಮುಗಿಸಿದ ಎತ್ತಿನ ಹಾಗೆ ಸುಸ್ತಾಗಿದ್ದರು. ಎರಡು ಲೋಟ ನೀರು ಕುಡಿದು ಹಾಗೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು.

"ರೀ, ಇದನ್ನ ಪ್ರಿಂಟ್ ತೆಗೆಸ್ಬೇಕು. ಅಪ್ಪಾಜಿ ಸೈನ್ ಹಾಕ್ಬೇಕು. ಬರೋ ತಿಂಗಳು ಹನ್ನೆರಡನೇ ತಾರೀಖು ಭಾನುವಾರ ಭದ್ರಾವತೀಲಿ ಒಬ್ಬರ ಮನೆಗೆ ತಗೊಂಡು ಹೋಗೋದಿದೆ" ಎಂದಳು ದಾಕ್ಷಾಯಣಿ.

"ಮಧು ಅಂಗಡೀಲಿ ತೆಗೆಸಿದ್ರಾಯ್ತು."

"ಬೇಡ. ಹೊರಗಿನವರು ಯಾರೂ ಓದಬಾರದು."

ಎಂಥ ಗುಟ್ಟಪ್ಪಾ ಇದು! ಕಾಲೇಜಿನ ಆಫೀಸಿನಲ್ಲಿ ಪ್ರಿಂಟರ್ ಇದೆ. ದಸರಾ ರಜೆ ಮುಗಿದ ಕೂಡಲೇ ನಾನೇ ತೆಗೆದುಕೊಡುತ್ತೇನೆ ಎಂದೆ. ಹಾಗಾದರೆ ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಬೇಡಿ ಎಂದಳು. ವಿಜಯದಶಮಿ ದಿನ ಹೊಸ ಕೆಲಸ ಹಿಡಿದರೆ ಒಳ್ಳೆಯದು ಎಂದು ನಾನು ಹೇಳಿದ್ದಕ್ಕೆ ಹುಬ್ಬೇರಿಸಿದಳು. ಮುಹೂರ್ತ, ರಾಹುಕಾಲ ಎಂದರೆ ಮೂಗು ಮುರಿಯುವವನು ನಾನು. ಅವಳಿಗೆ ಅದು ಗೊತ್ತು. ನಿಜ ಏನೆಂದರೆ ಆರು ವಾರದಿಂದ ಕಾದಿದ್ದೇನೆ, ಇನ್ನು ಕಾಯಲಾರೆ. ಅವಳ ಸಮಾಧಾನಕ್ಕೆ ಎರಡು ಫ್ಲಾಪಿಗೆ ಕಾಪಿ ಹಾಕಿಕೊಟ್ಟೆ. ಡಿ ಡ್ರೈವ್‌ನಲ್ಲಿ ಹೇಗೂ ಇದ್ದೇ ಇದೆ.


ಅಕ್ಟೋಬರ್ 4, ಶನಿವಾರ, ಆಯುಧಪೂಜೆ

ಹಬ್ಬಕ್ಕೆ ಮಾವನವರು ಬಂದಿದ್ದಾರೆ. ಪೂಜೆ ಅವರದೇ. ಸ್ಕೂಟರ್, ಮಿಕ್ಸಿ, ಈಳಿಗೆಮಣೆ, ನನ್ನ ಸ್ಕ್ರೂಡ್ರೈವರ್, ಕೊನೆಗೆ ಕಂಪ್ಯೂಟರ್. ಫೌಂಡ್ರಿಯಲ್ಲಿ ಮೂವತ್ತು ವರ್ಷ ಹೀಗೇ ಪೂಜೆ ಮಾಡಿದವರು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಲ್ಲಿ ಎಳೆದರೆಂದರೆ ಸ್ಕೇಲಿಟ್ಟು ಎಳೆದಂತೆ ಇರಬೇಕು. ಈಗ ಕೈ ನಡುಗುತ್ತದೆ, ಮಾನಿಟರ್ ಮೇಲಿನ ಗೆರೆಗಳು ಅಲೆಅಲೆಯಾಗಿ ಬಂದವು.

"ಬರೆಸಿದ್ದು ಎಲ್ಲಿದೆ?" ಎಂದು ಕೇಳಿದರು. ಫ್ಲಾಪಿ ಕೊಟ್ಟೆ. ಹಿಂದೆಮುಂದೆ ತಿರುಗಿಸಿ ನೋಡಿದರು. "ಇದರಲ್ಲಿ ಅಕ್ಷರ ಎಲ್ಲಿ?" ಎಂದರು. ನಾನು ಮೇಷ್ಟ್ರಲ್ಲವೇ, ಕೇಳಿದರೆ ತೋರಿಸದೆ ಇರಲಾರೆ. ಮೇಲಿನ ತಗಡನ್ನು ಪಕ್ಕಕ್ಕೆ ಸರಿಸಿ ಒಳಗಿನ ಕಂದು ತಟ್ಟೆಯನ್ನು ತೋರಿಸಿದೆ. ಅವರು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇಲ್ಲೇನಾ?" ಎಂದು ಒದ್ದೆ ಹೆಬ್ಬೆರಳಿನಿಂದ ಆ ತಟ್ಟೆಗೇ ವಿಭೂತಿ ಹಚ್ಚಿಬಿಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ ಎರಡನೆಯದಕ್ಕೂ ಆಗಿತ್ತು. ಹಚ್ಚಿ ಕಣ್ಣಿಗೊತ್ತಿಕೊಂಡರು.

ನಗು ಬಂತು. ಒರೆಸಬೇಕೆಂದುಕೊಂಡೆ, ಅವರೆದುರಿಗೆ ಒರೆಸಿದರೆ ಬೇಜಾರಾದೀತು ಎಂದು ಬಿಟ್ಟೆ. ಡಿ ಇದೆಯಲ್ಲ. ಫ್ಲಾಪಿ ಬರೀ ದಾಕ್ಷಾಯಣಿಯ ಸಮಾಧಾನಕ್ಕೆ.


ಅಕ್ಟೋಬರ್ 5, ಭಾನುವಾರ, ವಿಜಯದಶಮಿ

ಹಾಕಿದೆ! ಯಾರ ಸಹಾಯವೂ ಇಲ್ಲದೆ ಹಾಕಿದೆ. ಬೆಳಿಗ್ಗೆ ಮಾವನವರನ್ನು ಬಸ್ಸು ಹತ್ತಿಸಿ ಬಂದು ಒಂಬತ್ತಕ್ಕೆ ಕೂತವನು ಮಧ್ಯಾಹ್ನ ಎರಡಕ್ಕೆ ಎದ್ದೆ. ಕರೆಂಟ್ ಒಮ್ಮೆಯೂ ಹೋಗಲಿಲ್ಲ, ಅದೇ ಒಂದು ಪವಾಡ. ನಡುವೆ ಏನೇನೋ ಪ್ರಶ್ನೆ ಕೇಳಿತು, ಒಂದೊಂದಕ್ಕೇ ಉತ್ತರ ಕೊಟ್ಟೆ. ಯಾವ ಭಾಷೆ, ಯಾವ ಕೀಬೋರ್ಡ್, ಡಿಸ್ಕನ್ನು ಏನು ಮಾಡಬೇಕು, ಗಡಿಯಾರ ಯಾವ ಊರಿನದು. ಶಿವಮೊಗ್ಗ ಇರಲಿಲ್ಲ, ಕಲ್ಕತ್ತ ಇತ್ತು. ಮೂರು ಸಿ.ಡಿ.ಗಳಲ್ಲಿದ್ದ ಸಾಮಾನನ್ನೆಲ್ಲ ತುಂಬಿಸಿಬಿಟ್ಟೆ. ಚೆಸ್ ಇದೆ, ಗ್ರಹಗಳ ನಕ್ಷೆ ಇದೆ, ಚಿತ್ರ ಬಿಡಿಸುವುದು ಇದೆ. ತೆರೆಯ ಮೇಲೆ ಹೊಸ ನೀಲಿ ಚಿತ್ರ ಮೂಡಿದಾಗ ನಿಜವಾಗಿ ರೋಮಾಂಚನವಾಯಿತು. ಕದ್ದದ್ದಲ್ಲ ಇದು, ನನ್ನದು.

ಸಂಜೆ ದಾಕ್ಷಾಯಣಿ ಬಂದು, "ಅಪ್ಪಾಜಿದು ತೋರ್ಸಿ ಒಂದ್ಸಲ" ಎಂದಳು. ಹುಡುಕಿದೆ. ಇದರಲ್ಲಿ ಡಿ ಎಂಬ ಹೆಸರಿಲ್ಲ, ಬೇರೆ ರೀತಿ ತೋರಿಸುತ್ತದೆ. ಇನ್ನೂ ಸಿಕ್ಕಿಲ್ಲ. ಎಲ್ಲೋ ಇರುತ್ತದೆ. ಫ್ಲಾಪಿ ಬೇರೆ ಇದೆ.


ಅಕ್ಟೋಬರ್ 6, ಸೋಮವಾರ

ಡಿ ಇಲ್ಲ. ಇಡೀ ಡಿಸ್ಕ್ ಒಂದೇ ಆಗಿದೆ.

ಫ್ಲಾಪಿ ಓದುತ್ತಿಲ್ಲ. ಎರಡೂ. ಹಾಕಿದರೆ ಡ್ರೈವ್ ಕರಕರ ಎನ್ನುತ್ತದೆ, ಅಷ್ಟೇ.

ದಾಕ್ಷಾಯಣಿಗೆ ಇನ್ನೂ ಹೇಳಿಲ್ಲ. ಅವಳು ಕೇಳಿಯೂ ಇಲ್ಲ. ಹಾಲಿನಲ್ಲಿ ಕೂತು ಆ ಕರಕರ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದಾಳೆ.


ಅಕ್ಟೋಬರ್ 7, ಮಂಗಳವಾರ

ಸಿ.ಪಿ.ಯು. ಡಬ್ಬಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮಧುವಿನ ಅಂಗಡಿಗೆ ಹೋದೆ. ಮೊದಲೇ ಹೋಗಬೇಕಿತ್ತು. ಅವನು ಒಂದು ಫ್ಲಾಪಿಯನ್ನು ಬಿಚ್ಚಿ ತೋರಿಸಿದ. ತಟ್ಟೆಯ ಮೇಲೆ ಬೂದಿ ಒಣಗಿ ಹಕ್ಕಳೆಯಾಗಿತ್ತು, ತಿರುಗಿ ತಿರುಗಿ ಸುತ್ತಲೂ ಗೀರು ಬಿದ್ದಿತ್ತು.

"ಇದೇನ್ ಸಾರ್, ಪೂಜೆ ಮಾಡಿದೀರಾ?"

ಡಿಸ್ಕನ್ನು ಅವನ ಕಂಪ್ಯೂಟರಿಗೆ ಸಿಕ್ಕಿಸಿ ಎರಡು ಗಂಟೆ ಹುಡುಕಿದ. "ಬರೀ ಅಳಿಸಿದ್ರೆ ಏನಾದ್ರೂ ಮಾಡ್ಬಹುದಿತ್ತು ಸಾರ್. ಅದ್ರ ಮೇಲೆ ಇಷ್ಟೊಂದು ತುಂಬಿಸ್ಬಿಟ್ಟಿದೀರಲ್ಲ. ಬೋರ್ಡ್ ಒರೆಸಿ ಮತ್ತೆ ಬರೆದ್ರೆ ಹಳೇದು ಸಿಗುತ್ತಾ?" ನನ್ನ ಬೋರ್ಡಿನ ಉದಾಹರಣೆ ನನಗೇ ಕೊಟ್ಟ. ಆಮೇಲೆ ಮೆತ್ತಗೆ, "ನಂಗೊಂದು ಫೋನ್ ಮಾಡ್ಬಾರ್ದಿತ್ತಾ ಸಾರ್?" ಎಂದ.

ಮನೆಗೆ ಬಂದು ದಾಕ್ಷಾಯಣಿಗೆ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಅನ್ನಕ್ಕಿಟ್ಟ ಕುಕ್ಕರ್ ಆರಿಸಿ ಒಳಗೆ ಹೋಗಿ ಮಲಗಿದಳು.


ಅಕ್ಟೋಬರ್ 9, ಗುರುವಾರ

ಎರಡು ದಿನದ ನಂತರ ಇವತ್ತು ಬಾಯಿ ಬಿಟ್ಟಳು.

"ಅದು ಆತ್ಮಕಥೆ ಅಲ್ಲ ರೀ."

ಅವಳು ಹೇಳಿದ್ದನ್ನು ಬರೆದಿಡುತ್ತೇನೆ. 1974ರಲ್ಲಿ ನಡೆದದ್ದು. ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಲ್ಯಾಡಲ್ ಎಂಬ ದೊಡ್ಡ ಪಾತ್ರೆಯಲ್ಲಿ ತುಂಬಿ ಅಚ್ಚುಗಳಿಗೆ ಒಯ್ಯುತ್ತಾರೆ. ಆ ಪಾತ್ರೆಯೊಳಗೆ ತೇವವಿದ್ದರೆ ಸಿಡಿಯುತ್ತದೆ. ಭೌತಶಾಸ್ತ್ರದವನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮೊದಲು ಕಾಯಿಸಿ ಒಣಗಿಸಬೇಕು, ಒಣಗಿದೆಯೇ ಎಂದು ಸೂಪರ್‌ವೈಸರ್ ನೋಡಬೇಕು. ಅವತ್ತು ಮಾವನವರು ನೋಡಲಿಲ್ಲ. ಕೆಲಸಗಾರ ಮಾರಪ್ಪ "ಇನ್ನೂ ಕಾಯ್ಬೇಕು ಸ್ವಾಮಿ" ಎಂದನಂತೆ. ಇವರು "ಹೊತ್ತಾಯ್ತು, ಸುರಿ" ಎಂದರಂತೆ. ಸಿಡಿಯಿತು. ಮಾರಪ್ಪನ ಎರಡು ಕಣ್ಣೂ ಹೋದವು. ವಿಚಾರಣೆಯಲ್ಲಿ ಮಾವನವರು ಬರೆದುಕೊಟ್ಟರು: ಮಾರಪ್ಪ ಕುಡಿದು ಕೆಲಸಕ್ಕೆ ಬಂದಿದ್ದ.

ಅವನು ಜನ್ಮದಲ್ಲಿ ಕುಡಿದವನಲ್ಲವಂತೆ. ಕೆಲಸ ಹೋಯಿತು. ಏಳು ವರ್ಷ ಕುರುಡನಾಗಿ ಬದುಕಿ ತೀರಿಕೊಂಡ. ಹೆಂಡತಿ ಈಶ್ವರಮ್ಮ ಭದ್ರಾವತಿಯ ಓಲ್ಡ್‌ಟೌನಿನಲ್ಲಿ ಮಗ ಧರ್ಮೇಂದ್ರನ ಜೊತೆ ಇದ್ದಾಳೆ. ನನ್ನ ಗಂಡ ಕುಡಿದಿರಲಿಲ್ಲ ಎಂದು ಇಪ್ಪತ್ತೊಂಬತ್ತು ವರ್ಷದಿಂದ ಕಂಡಕಂಡವರಿಗೆ ಹೇಳುತ್ತಾಳಂತೆ. ಬೀದಿಯವರ ಬಾಯಲ್ಲಿ ಮಗ ಇವತ್ತಿಗೂ ಕುಡುಕ ಮಾರಪ್ಪನ ಮಗ. ಹನ್ನೆರಡನೇ ತಾರೀಖು ಆ ನಲವತ್ತೊಂದು ಪುಟವನ್ನು ಮಾವನವರು ಅವಳ ಕೈಯಲ್ಲಿ ಇಡುವುದಿತ್ತು.

"ನೀನೇ ಟೈಪ್ ಮಾಡಿದ್ದಲ್ಲವಾ, ನಿಂಗೆ ಎಲ್ಲ ನೆನಪಿದೆ. ಮತ್ತೆ ಬರೆ" ಎಂದೆ.

"ನಾನು ಬರೆದ್ರೆ ನಾನು ಹೇಳಿದ ಹಾಗಾಯ್ತು. ಅವತ್ತು ಬರೆದ ಕೈ ಅವರದ್ದು. ಈಗ್ಲೂ ಅವರ ಬಾಯಿಂದಾನೇ ಬರ್ಬೇಕು."

ಏಳೆಂಟು ಭಾನುವಾರ ಅವರು ಹೇಳಿದ್ದಾರೆ, ನಾನು ಹತ್ತು ಅಡಿ ದೂರದಲ್ಲಿ ಕೂತಿದ್ದೇನೆ. ಒಂದು ವಾಕ್ಯವೂ ನನ್ನ ಕಿವಿಗೆ ಬಿದ್ದಿಲ್ಲ.


ಅಕ್ಟೋಬರ್ 12, ಭಾನುವಾರ

ಮಾವನವರು ಬಂದರು. ಬಿಳಿ ಶರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಪ್ರಿಂಟಿಗೆ ಸಹಿ ಹಾಕಿ ಮಧ್ಯಾಹ್ನವೇ ಮಗಳ ಜೊತೆ ಭದ್ರಾವತಿಗೆ ಹೊರಡುವವರು. ನಾನೇ ಹೇಳುತ್ತೇನೆ ಎಂದು ದಾಕ್ಷಾಯಣಿಯನ್ನು ಒಳಗೆ ಕಳಿಸಿದೆ.

"ಆ ಸಿ.ಡಿ. ಸರಿ ಇರ್ಲಿಲ್ಲ ಮಾವ. ಕಂಪ್ಯೂಟರ್ರೇ ಕೆಟ್ಟೋಯ್ತು, ಬರೆಸಿದ್ದೆಲ್ಲ ಹೋಯ್ತು. ಫ್ಲಾಪಿಗೆ ವಿಭೂತಿ ನೀರು ಹೋಗಿ ಅದೂ ಹಾಳಾಗಿದೆ."

ಅವರು ತಮ್ಮ ಕೈ ನೋಡಿಕೊಂಡರು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು. ಆಮೇಲೆ, "ನನ್ನ ಕೈಯಾರೆ ಹಚ್ಚಿದ್ದು" ಎಂದರು. "ಶಿವನಿಗೇ ಇಷ್ಟ ಇಲ್ಲ ಅಂತ ಕಾಣುತ್ತೆ ಅಳಿಯಂದ್ರೇ. ಈ ವಯಸ್ಸಲ್ಲಿ ಹಳೇದೆಲ್ಲ ಯಾಕೆ ಕೆದಕ್ತೀಯ ಅಂತ ಅಳಿಸಿಬಿಟ್ಟ. ಹೋಗ್ಲಿ ಬಿಡಿ."

ಹೇಳುತ್ತಾ ಹೇಳುತ್ತಾ ಅವರ ಮುಖ ತಿಳಿಯಾಯಿತು. ಊಟಕ್ಕೆ ಕೂತು ಎರಡು ಸಲ ಸಾರು ಹಾಕಿಸಿಕೊಂಡರು. ನನಗೂ ಎದೆಯ ಮೇಲಿನ ಭಾರ ಇಳಿಯಿತು. ಒಂದು ಬೈಗುಳವಿಲ್ಲ, ಒಂದು ಸಿಡುಕಿಲ್ಲ. ದೊಡ್ಡ ಮನಸ್ಸು.

ಅಡುಗೆಮನೆಯಲ್ಲಿ ದಾಕ್ಷಾಯಣಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು.


ಅಕ್ಟೋಬರ್ 19, ಭಾನುವಾರ

ಬರಹದ ಕೆಲಸವಿಲ್ಲದಿದ್ದರೂ ಮಾವನವರು ಬಂದರು, ಅಭ್ಯಾಸ. ಹಾಲಿನಲ್ಲಿ ನನ್ನ ಪಕ್ಕ ಕೂತರು. ಕಂಪ್ಯೂಟರ್ ಖಾಲಿಯೇ ಇತ್ತು. ನಾನೂ ವಾರದಿಂದ ಅದನ್ನು ಹಚ್ಚಿಲ್ಲ. ಅದರಲ್ಲಿ ಕನ್ನಡ ತೆರೆದರೆ ಬರೀ ಚೌಕಗಳು ಕಾಣುತ್ತವೆ, ಅದನ್ನು ಸರಿಪಡಿಸುವ ಉಮೇದೂ ಇಲ್ಲ.

ದಾಕ್ಷಾಯಣಿಯ ಮುಖ ನೋಡಲಾಗದೆ ನಾನೇ ಬಾಯಿಬಿಟ್ಟೆ. "ಮಾವ, ಇನ್ನೊಂದ್ಸಲ ಹೇಳಿ. ನಾನೇ ಬರ್ಕೊಳ್ತೀನಿ. ಪೆನ್ನಲ್ಲಿ."

ಅವರು ತಲೆ ಆಡಿಸಿದರು. "ಒಂದ್ಸಲ ಹೇಳಕ್ಕೇ ಇಪ್ಪತ್ತೊಂಬತ್ತು ವರ್ಷ ಬೇಕಾಯ್ತು ಅಳಿಯಂದ್ರೇ. ಇನ್ನೊಂದ್ಸಲ ಆ ಧೈರ್ಯ ಎಲ್ಲಿಂದ ತರ್ಲಿ? ಶಿವನೇ ಬೇಡ ಅಂದಮೇಲೆ ನಾನು ಯಾರು?"

ಅದು ಶಿವನಲ್ಲ ಎಂದು ಹೇಳಬೇಕಿತ್ತು. ಬಾಯಿ ತುದಿಯವರೆಗೆ ಬಂತು. ಅವರಿಗೆ ಬೀಪಿ ಇದೆ, ಸಂಜೆ ಬಸ್ಸಿನಲ್ಲಿ ಒಬ್ಬರೇ ಹೋಗಬೇಕು ಎಂದುಕೊಂಡು ಸುಮ್ಮನಾದೆ. ಅವರ ಬೀಪಿಯ ಬಗ್ಗೆ ನಾನು ಇಷ್ಟು ಯೋಚಿಸಿದ್ದು ಇದೇ ಮೊದಲು.


ಅಕ್ಟೋಬರ್ 22, ಬುಧವಾರ

ದಾಕ್ಷಾಯಣಿಯ ಜೊತೆ ಜಗಳವಾಯಿತು. ಜಗಳವೂ ಅಲ್ಲ. ದೀಪಾವಳಿಗೆ ಏನು ತರಬೇಕೆಂದು ಕೇಳಿದೆ, ಏನೂ ಬೇಡ ಎಂದಳು. ನಿಮ್ಮಪ್ಪನೇ ಸಮಾಧಾನವಾಗಿದ್ದಾರೆ, ನಿನ್ನದೇನು ಎಂದು ರೇಗಿದೆ. ಅವಳು ದನಿ ಏರಿಸದೆ ಹೇಳಿದಳು:

"ಅಪ್ಪಾಜಿ ಮಾರಪ್ಪ ಕುಡಿದಿದ್ದ ಅಂತ ಬರೆದ್ರು. ನೀವು ಸಿ.ಡಿ. ಸರಿ ಇರ್ಲಿಲ್ಲ ಅಂತ ಹೇಳಿದ್ರಿ. ನಾನು ಬಾಗಿಲಲ್ಲೇ ನಿಂತಿದ್ದೆ ಅವತ್ತು. ನೋಡಿದೀನಿ."

ಅವಳು ನೋಡಿದ್ದಾಳೆ. ಇಲ್ಲಿಯೂ ನಾನು ನಿಜ ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಹೆದರಿ ಮುಚ್ಚಿಟ್ಟೆನೋ ಗೊತ್ತಿಲ್ಲ. ಈಗ ಬರೆಯುತ್ತೇನೆ.

ವಿಜಯದಶಮಿ ದಿನ ಡಿಸ್ಕನ್ನು ಏನು ಮಾಡಬೇಕೆಂದು ಆ ಸಿ.ಡಿ. ಕೇಳಿದಾಗ ಮೂರು ಆಯ್ಕೆ ಕೊಟ್ಟಿತು. ಇರುವ ಯಾವ ಭಾಗವನ್ನೂ ಅಳಿಸಬೇಡ ಎಂದು ಒತ್ತಿದೆ, ಜಾಗವಿಲ್ಲ ಎಂದಿತು. ಹಳೆಯ ಲಿನಕ್ಸ್ ಇದ್ದರೆ ಅದನ್ನು ಮಾತ್ರ ಅಳಿಸು ಎಂದೆ, ಅದಕ್ಕೂ ಜಾಗವಿಲ್ಲ ಎಂದಿತು. ಸಿ ಒಂದನ್ನೇ ಕೈಯಾರೆ ಅಳಿಸುವ ದಾರಿ ಪತ್ರಿಕೆಯಲ್ಲಿತ್ತು, ಎರಡು ಪುಟ ಓದಬೇಕಿತ್ತು. ಆಗ ದಾಕ್ಷಾಯಣಿ ಬಾಗಿಲಿಗೆ ಬಂದು, "ಬರುತ್ತಾ ನಿಮ್ಗೆ? ಮಧುನ ಕರೀಬೇಕಾ?" ಎಂದಳು. ಹೆಂಡತಿಯ ಎದುರು ಸೋಲಬಾರದೆಂದು ಮೂರನೆಯದನ್ನು ಒತ್ತಿದೆ. ಎಲ್ಲ ಭಾಗಗಳನ್ನೂ ಅಳಿಸು. ಖಚಿತವೇ, ಇದರಲ್ಲಿರುವುದೆಲ್ಲ ಹೋಗುತ್ತದೆ ಎಂದು ಮತ್ತೆ ಕೇಳಿತು. ಓದಿದೆ. ಅರ್ಥವೂ ಆಯಿತು. ಹೌದು ಎಂದು ಒತ್ತಿದೆ. ಫ್ಲಾಪಿ ಇದೆಯಲ್ಲ ಎಂದು ಆ ಗಳಿಗೆಯಲ್ಲಿ ಅಂದುಕೊಂಡೆ. ಹಿಂದಿನ ದಿನ ಡಿ ಇದೆಯಲ್ಲ ಎಂದು ಫ್ಲಾಪಿಯನ್ನು ಒರೆಸದೆ ಬಿಟ್ಟಿದ್ದೆ.

ಸಿ.ಡಿ. ಚೆನ್ನಾಗಿಯೇ ಇತ್ತು. ಅದು ಎರಡು ಸಲ ಕೇಳಿಯೇ ಅಳಿಸಿತು. ನಾನು ಮುದುಕರ ವಿಭೂತಿಯ ಮೇಲೆ ಹಾಕಿದೆ. ನಾಚಿಕೆಯಾಗುತ್ತದೆ.

ಭಾನುವಾರ ಭದ್ರಾವತಿಗೆ ಹೋಗಿ ಹೇಳಿಬಿಡುತ್ತೇನೆ.


ಅಕ್ಟೋಬರ್ 26, ಭಾನುವಾರ, ಬಲಿಪಾಡ್ಯಮಿ

ಬೆಳಿಗ್ಗೆ ಎಂಟರ ಬಸ್ಸಿಗೆ ಇಬ್ಬರೂ ಹೊರಟೆವು. ನ್ಯೂಟೌನಿನ ಮನೆಯಲ್ಲಿ ಮಾವನವರು ಆಗಷ್ಟೇ ಶಿವಪೂಜೆ ಮುಗಿಸಿ ಹಣೆಯ ಮೇಲೆ ವಿಭೂತಿ ಹಸಿಯಾಗಿರುವಾಗಲೇ ಬಾಗಿಲು ತೆಗೆದರು. ಹಬ್ಬಕ್ಕೆ ಬಂದಿದ್ದೇವೆಂದು ಖುಷಿಪಟ್ಟರು. ಕೂತರೆ ಮತ್ತೆ ಹೇಳಲಾರೆ ಎಂದು ನಿಂತೇ ಹೇಳಿದೆ.

"ಮಾವ, ಅದನ್ನ ಅಳಿಸಿದ್ದು ಶಿವ ಅಲ್ಲ, ನಾನು. ಸಿ.ಡಿ. ಸರಿ ಇತ್ತು. ಅಳಿಸ್ಲಾ ಅಂತ ಎರಡು ಸಲ ಕೇಳ್ತು, ನಾನೇ ಹೂಂ ಅಂದೆ. ಫ್ಲಾಪಿ ತೆಗೆದು ತೋರಿಸಿದ್ದೂ ನಾನೇ, ಒರೆಸದೆ ಬಿಟ್ಟಿದ್ದೂ ನಾನೇ. ನಿಮ್ಮ ಕೈದು ಏನೂ ತಪ್ಪಿಲ್ಲ."

ಅವರು ನನ್ನನ್ನು ನೋಡಿದರು. ಆ ಮಂಜುಗಣ್ಣಿಗೆ ನಾನು ಎಷ್ಟು ಕಂಡೆನೋ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. "ಎಷ್ಟು ದಿನ ಆಯ್ತು ಅದು ಆಗಿ?" ಎಂದು ಕೇಳಿದರು.

"ಮೂರು ವಾರ."

"ಬೇಗ ಹೇಳಿದ್ರಿ" ಎಂದರು.

ಅಷ್ಟೇ. ಒಳಗೆ ಹೋಗಿ ಇಸ್ತ್ರಿಯ ಬಿಳಿ ಶರ್ಟು ಹಾಕಿಕೊಂಡು ಬಂದು, ಚಪ್ಪಲಿ ಮೆಟ್ಟಿ, "ನಡೀರಿ" ಎಂದರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. "ಕಾಗದ ಏನೂ ಇಲ್ವಲ್ಲ ಅಪ್ಪಾಜಿ" ಎಂದಳು ದಾಕ್ಷಾಯಣಿ. ನನ್ನ ಚೀಲದಲ್ಲಿ ಈ ದಿನಚರಿ ಪುಸ್ತಕವೂ ಪೆನ್ನೂ ಇವೆ, ಅಲ್ಲೇ ಬರೆದುಕೊಳ್ಳೋಣ ಎಂದೆ.

ಸೇತುವೆ ದಾಟಿ ಓಲ್ಡ್‌ಟೌನಿಗೆ ಆಟೋದಲ್ಲಿ ಹೋದೆವು. ಮಾವನವರು ಇಪ್ಪತ್ತೊಂಬತ್ತು ವರ್ಷದಿಂದ ಆ ಬೀದಿಗೆ ಕಾಲಿಟ್ಟಿರಲಿಲ್ಲವಂತೆ, ಆದರೂ ಎಲ್ಲಿ ತಿರುಗಬೇಕೆಂದು ಆಟೋದವನಿಗೆ ಅವರೇ ಹೇಳುತ್ತಿದ್ದರು. ಬೀದಿ ತುಂಬ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ಪ್ರತಿ ಬಾಗಿಲಲ್ಲೂ ರಂಗೋಲಿ, ತೋರಣ. ಒಂದು ಮನೆಯ ಮುಂದೆ ಮಾತ್ರ ಏನೂ ಇರಲಿಲ್ಲ. ಅಂಗಳ ಗುಡಿಸಿತ್ತು, ಅಷ್ಟೇ. ನಮಗೆ ಬೇಕಾದ ಮನೆ ಅದೇ.

ಬಾಗಿಲಿಗೆ ಬಂದವನು ಧರ್ಮೇಂದ್ರ. ಮೂವತ್ತೈದರ ಗಂಡಸು, ವೆಲ್ಡಿಂಗ್ ಕೆಲಸ ಮಾಡುತ್ತಾನಂತೆ, ಗಡ್ಡ ಬೆಳೆದಿತ್ತು. ಮಾವನವರು ಹೆಸರು ಹೇಳಿ, "ನಿಮ್ಮ ತಾಯಿನ ನೋಡ್ಬೇಕಿತ್ತು" ಎಂದರು.

"ಅವ್ವ ಹೋಗಿ ಒಂಬತ್ತು ದಿನ ಆಯ್ತಲ್ಲ ಸ್ವಾಮಿ" ಎಂದ.

ಹದಿನೇಳನೇ ತಾರೀಖು ಶುಕ್ರವಾರ. ನಲ್ಲಿ ಹತ್ತಿರ ಬಿಂದಿಗೆ ಎತ್ತುವಾಗ ಎದೆ ಹಿಡಿದುಕೊಂಡಳಂತೆ, ಆಸ್ಪತ್ರೆಗೆ ಒಯ್ಯುವ ಮುಂಚೆಯೇ ಹೋಯಿತಂತೆ. ಹನ್ನೆರಡನೇ ತಾರೀಖು ಅವಳು ಈ ಮನೆಯಲ್ಲೇ ಗಟ್ಟಿಯಾಗಿದ್ದಳು. ನಾನು ಜಗಲಿಯ ಮೇಲೆ ಕೂತುಬಿಟ್ಟೆ.

ಮಾವನವರು ನಿಂತೇ ಇದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಶುರುಮಾಡಿದರು. ಒಳಗೆ ಬನ್ನಿ ಎಂದು ಧರ್ಮೇಂದ್ರ ಕರೆದರೂ ಹೋಗಲಿಲ್ಲ. ಅಕ್ಕಪಕ್ಕದ ಮನೆಯವರು ಬಂದು ನಿಂತರು. ಲ್ಯಾಡಲ್ ಒಣಗಿರಲಿಲ್ಲ, ನೋಡಬೇಕಾದವನು ನಾನು, ನೋಡಲಿಲ್ಲ. ಅವನು ಬೇಡ ಅಂದ, ನಾನು ಸುರಿ ಅಂದೆ. ಕುಡಿದಿದ್ದ ಅಂತ ಬರೆದವನು ನಾನು. ಅವನು ಕುಡಿದಿರಲಿಲ್ಲ. ನಲವತ್ತೊಂದು ಪುಟದ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಪ್ರತಿ ಮಾತನ್ನೂ ಈ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದುಕೊಂಡೆ. ಮಾವನವರು ಕೆಳಗೆ ಸಹಿ ಹಾಕಿದರು, ಹಾಳೆ ಹರಿದು ಧರ್ಮೇಂದ್ರನಿಗೆ ಕೊಟ್ಟೆವು.

ಅವನು ಬಾಗಿಲಲ್ಲೇ ನಿಂತು ಪೂರ್ತಿ ಓದಿದ. ಮಡಚಿ ಶರ್ಟಿನ ಜೇಬಿಗೆ ಇಟ್ಟುಕೊಂಡ.

"ಇದನ್ನ ಹೋದ ತಿಂಗಳೇ ಬರೆಸಿದ್ದೆ ಕಣಪ್ಪಾ. ಕಂಪ್ಯೂಟರಲ್ಲಿ. ಚೆನ್ನಾಗಿ ಪ್ರಿಂಟ್ ಮಾಡಿಸಿ ನಿಮ್ಮವ್ವನ ಕೈಗೇ ಕೊಡ್ಬೇಕು ಅಂತಿದ್ದೆ" ಎಂದರು ಮಾವನವರು.

ಧರ್ಮೇಂದ್ರ ಅವರನ್ನೂ ನನ್ನನ್ನೂ ನೋಡಿದ.

"ಅವ್ವಂಗೆ ಓದಕ್ಕೆ ಬರ್ತಿರ್ಲಿಲ್ಲ ಸ್ವಾಮಿ" ಎಂದ. "ಈ ಬಾಗಿಲಿಗೆ ಬಂದು ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಾಗಿತ್ತು."